ಸೊರಬದ ಗಂಧದ ಪೆಟ್ಟಿಗೆಯೂ ಕರ್ತೃವಿನ ಹೆಸರೂ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆಯೇ ಕನ್ನಡನಾಡಿನ ಪ್ರಾಚೀನ ಚರಿತ್ರೆಯನ್ನು ಬಲ್ಲವರ ಮನಸ್ಸು ಶಾಸನಗಳ ಕಡೆಗೆ ಹರಿಯುವುದು ಸಹಜವಾಗಿದೆ. ತಾಳಗುಂದದ ಸ್ತಂಭವೂ ಬಳ್ಳಿಗಾವೆಯ ದೇವಾಲಯಗಳೂ ಕುಬಟೂರಿನ ಕೈಟಭೇಶ್ವರನ ಗುಡಿಯೂ ಈ ಎರಡು ತಾಲ್ಲೂಕುಗಳಲ್ಲಿಯೇ ಇರುವುವು. ಆದರೆ ಅದೇ ಸೀಮೆಯಲ್ಲಿ, ದಂಡಾವತಿಯ ತೀರದ ಸೊರಬದಲ್ಲಿ, ಗುಡಿಗಾರರೆಂಬ ಕುಶಲಕರ್ಮಿಗಳು ಶ್ರೀಗಂಧದ ಮರದಿಂದ ನಿರ್ಮಿಸಿ ದೇಶವಿದೇಶಗಳಿಗೆ ಕಳುಹಿಸಿದ ಪೆಟ್ಟಿಗೆ, ಕರಂಡಕ, ಬರವಣಿಗೆಯ ಮೇಜುಪೆಟ್ಟಿಗೆ ಮೊದಲಾದ ಗೃಹೋಪಕರಣಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ತಳೆದಿರುವ ಔದಾಸೀನ್ಯವು ಆಶ್ಚರ್ಯಕರವಾದುದು. ಶಾಸನದಲ್ಲಿ ಒಂದು ಅಕ್ಷರವು ಸವೆದಿದ್ದರೆ ಅದರ ಪಾಠವನ್ನು ಕುರಿತು ಹತ್ತಾರು ಪುಟಗಳ ಚರ್ಚೆಯನ್ನು ನಡೆಯಿಸುವ ನಾವು, ಅದರ ನೆರೆಯಲ್ಲಿಯೇ ಹುಟ್ಟಿದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಇದನ್ನು ಕೆತ್ತಿದವನಾರು ಎಂದು ಕೇಳುವ ಅಭ್ಯಾಸವನ್ನೇ ಬೆಳೆಯಿಸಿಕೊಂಡಿಲ್ಲ. ಈ ಪ್ರಶ್ನೆಯು ಕೇಳತಕ್ಕುದೇ, ಕೇಳಿದರೆ ಅದಕ್ಕೆ ಉತ್ತರವನ್ನು ಯಾವ ಮಾರ್ಗದಿಂದ ಹುಡುಕಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗುಡಿಗಾರರ ಕೆಲಸವನ್ನು ಕುರಿತ ವಿಸ್ತಾರವಾದ ಹಳೆಯ ವರ್ಣನೆಯು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ದೊರೆಯುವುದು. ೧೮೯೭ರಲ್ಲಿ ಪರಿಷ್ಕೃತವಾಗಿ ಹೊರಬಂದ ಆ ಗ್ರಂಥದಿಂದಲೇ ಅನಂತರದ ಬರಹಗಾರರು, ಕೆಲವರು ಹೇಳಿಯೂ ಹಲವರು ಹೇಳದೆಯೂ, ತಮ್ಮ ವಾಕ್ಯಗಳನ್ನು ಎರವಲು ಪಡೆದಿರುವರು. ಕೆಲಸದ ಕ್ರಮವನ್ನು ರೈಸ್ ಅವರು ಕಣ್ಣಾರೆ ಕಂಡವರಂತೆ ಬರೆದಿರುವರು. ಮೊದಲು ಹಲಗೆಯನ್ನು ಉಜ್ಜುಗೊರಡಿನಿಂದ ನುಣುಪುಮಾಡಿ, ಅದರ ಮೇಲೆ ಬಿಳಿಯ ಕಾಗದವನ್ನು ಬಿಗಿಯಾಗಿ ಅಂಟಿಸುವರು. ಆ ಕಾಗದದ ಮೇಲೆ ಚಿತ್ರವೆಲ್ಲವನ್ನೂ ರೇಖೆಗಳಿಂದ ಬರೆದು, ಪ್ರತಿಯೊಂದು ರೇಖೆಯನ್ನೂ ಸೂಕ್ಷ್ಮವಾದ ಉಳಿಯಿಂದ ಮರದೊಳಕ್ಕೆ ಇಳಿಯುವಂತೆ ಕೊರೆಯುವರು. ಬಳಿಕ ಕಾಗದವನ್ನು ತೆಗೆದುಹಾಕಿ, ರೇಖೆಗಳ ನಡುವಣ ನೆಲವನ್ನು ತಗ್ಗುಮಾಡಿ, ಉಬ್ಬಾಗಿ ಉಳಿದ ಭಾಗಗಳಲ್ಲಿ ಎಲೆಯ ನರ, ಹಕ್ಕಿಯ ಗರಿ, ದೇವತೆಯ ಆಭರಣ ಮೊದಲಾದ ವಿವರಗಳನ್ನು ಬಿಡಿಸುವರು. ಗಂಧದ ಮರವು ಗಟ್ಟಿಯಾದುದು. ಒಮ್ಮೆ ತಪ್ಪಿದ ಉಳಿಯನ್ನು ಕ್ಷಮಿಸತಕ್ಕುದಲ್ಲ. ಒಂದು ಪೆಟ್ಟಿಗೆಗೆ ತಿಂಗಳುಗಟ್ಟಲೆ ಕಾಲ ಹಿಡಿಯುವುದರಲ್ಲಿ ಸೋಜಿಗವೇನೂ ಇಲ್ಲ.

ಇಷ್ಟರವರೆಗೆ ರೈಸ್ ಅವರಿಗೆ ನಾವು ಕೃತಜ್ಞರಾಗಿರತಕ್ಕವರು. ಆದರೆ ಗುಣವಿಮರ್ಶೆಯ ಸಂದರ್ಭವು ಬಂದಾಗ ಅವರ ಲೇಖನಿಯು ಬೇರೊಂದು ದಾರಿಯನ್ನು ಹಿಡಿಯುತ್ತದೆ. ಒಂದಕ್ಕೊಂದು ಹೊಂದದ ವಿವರಗಳನ್ನು ಕಲೆಹಾಕಿಯೂ ಒಟ್ಟಿನಲ್ಲಿ ಸೊಗಸನ್ನು ಉಂಟುಮಾಡುವ ಕೌಶಲವು ಪೂರ್ವದೇಶದವರಿಗೆ ಹುಟ್ಟಿನಿಂದಲೇ ಬಂದ ಗುಣವೆಂಬಂತೆ ಅವರು ಸೂಚಿಸಿರುವರು. ಇದು ಪ್ರಶಂಸೆಯ ಮಾತೇ ಸರಿ. ಆದರೂ ಈ ಪ್ರಶಂಸೆಯು ಕರ್ತೃವನ್ನು ಕಳೆದುಬಿಡುತ್ತದೆ. ಜೇನುಹುಳುವು ಗೂಡನ್ನು ಕಟ್ಟುವಂತೆ ಗುಡಿಗಾರನು ಪೆಟ್ಟಿಗೆಯನ್ನು ಕೆತ್ತುವನಾದರೆ, ಯಾವ ಜೇನುಹುಳು ಎಂದು ಕೇಳುವುದಕ್ಕೆ ಅರ್ಥವೇ ಇರುವುದಿಲ್ಲ. ಕಾಗದದ ಮೇಲೆ ರೇಖೆಯನ್ನು ಎಳೆಯುವಾಗ ಇಲ್ಲಿ ಬಳ್ಳಿಯನ್ನು ಬಲಕ್ಕೆ ಹೊರಳಿಸಲೋ ಎಡಕ್ಕೆ ಹೊರಳಿಸಲೋ ಎಂದು ಯೋಚಿಸಿದ ಒಂದು ಮನಸ್ಸು, ಒಂದು ಅಳಿಸುವಿಕೆ, ಒಂದು ತೀರ್ಮಾನ, ಇವೆಲ್ಲವೂ ಈ ಒಂದು ಮಾತಿನಿಂದ ಮರೆಯಾಗುವುವು.

ವಿಶೇಷವೇನೆಂದರೆ, ಕರ್ತೃವಿನ ಹೆಸರಿಗೆ ಈ ನಾಡು ಎಷ್ಟು ಬೆಲೆಯನ್ನು ಕೊಟ್ಟಿತ್ತೆಂಬುದನ್ನು ತೋರಿಸುವ ಸಾಮಗ್ರಿಯನ್ನು ಬೆಳಕಿಗೆ ತಂದವರೂ ಇದೇ ರೈಸ್ ಅವರೇ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ ೭ನೆಯ ಸಂಪುಟವು ೧೯೦೨ರಲ್ಲಿಯೂ, ಸೊರಬದ ಶಾಸನಗಳನ್ನು ಒಳಗೊಂಡ ೮ನೆಯ ಸಂಪುಟವು ೧೯೦೪ರಲ್ಲಿಯೂ ಪ್ರಕಟವಾದುವು. ಇವುಗಳಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಅರಿಯದ ವಿದ್ವಾಂಸರಿಲ್ಲ. ಕದಂಬ ವಂಶದ ಮೂಲವನ್ನೂ, ಮಯೂರಶರ್ಮನು ವೇದಾಧ್ಯಯನಕ್ಕಾಗಿ ಕಾಂಚಿಗೆ ಹೋಗಿ ಪಲ್ಲವರ ರಾವುತನೊಡನೆ ಕಲಹಕ್ಕೊಳಗಾದುದನ್ನೂ, ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಕೆರೆಯನ್ನು ಕಟ್ಟಿಸಿದುದನ್ನೂ ಅದು ತಿಳಿಸುವುದು. ೩೪ ಪದ್ಯಗಳ ಈ ಸಂಸ್ಕೃತ ಕಾವ್ಯವನ್ನು ರಾಜಚರಿತ್ರೆಗಾಗಿ ಓದಿದವರು ಅನೇಕರು. ಕೀಲ್ಹಾರ್ನ್ ಪಂಡಿತರು ಅದರ ಛಂದಸ್ಸಿನ ಅಪೂರ್ವತೆಯ ಕಡೆಗೂ ಗಮನವನ್ನು ಸೆಳೆದರು. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅದರ ಕಡೆಯ ಭಾಗ. ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿಯು ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದನೆಂದು ಅಲ್ಲಿ ಹೇಳಿದೆ. ಅಂದರೆ ಕ್ರಿ. ಶ. ೫ನೆಯ ಶತಮಾನದಲ್ಲಿ ಈ ತಾಲ್ಲೂಕಿನ ಒಬ್ಬ ಕರ್ತೃವು ಪದಗಳನ್ನು ಕಟ್ಟಿದುದೂ ತಾನೇ, ಅವನ್ನು ಕಲ್ಲಿನ ಮೈಗೆ ಒಪ್ಪಿಸಿದುದೂ ತಾನೇ ಎಂಬುದನ್ನು ಲೋಕಕ್ಕೆ ತಿಳಿಸಬೇಕೆಂದು ಬಯಸಿದನು.

ಇಲ್ಲಿ ಬರೆಯುವುದು ಎಂದರೆ ಉಳಿಯಿಂದ ಕೊರೆಯುವುದೋ, ಉಳಿಯವನಿಗೆ ಮೇಲ್ಪಂಕ್ತಿಯಾಗುವಂತೆ ಬಣ್ಣದಿಂದ ಅಕ್ಷರಗಳನ್ನು ಗುರುತಿಸುವುದೋ ಎಂಬ ಸಂದೇಹಕ್ಕೆ ಅವಕಾಶವಿದೆ. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ರಚಿಸಿದವನು, ಬರೆದವನು, ಕಂಡರಿಸಿದವನು ಎಂಬ ಮೂವರನ್ನು ಬೇರೆಬೇರೆಯಾಗಿ ಹೆಸರಿಸುವ ಪದ್ಧತಿಯನ್ನು ಕಾಣುತ್ತೇವೆ. ಈ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಗುಡಿಗಾರರ ಕೆಲಸದ ಕ್ರಮವನ್ನು ಮತ್ತೊಮ್ಮೆ ನೋಡಿದರೆ ಸಾದೃಶ್ಯವು ತಾನಾಗಿಯೇ ಹೊಳೆಯುವುದು. ಕಾಗದದ ಮೇಲೆ ಚಿತ್ರವನ್ನು ಹೂಡುವುದು ರಚನೆ. ರೇಖೆಯನ್ನು ಮರಕ್ಕೆ ಇಳಿಸುವುದು ಬರಹ. ನೆಲವನ್ನು ತೆಗೆದು ವಿವರಗಳನ್ನು ಬಿಡಿಸುವುದು ಕಂಡರಣೆ. ಮೂರೂ ಒಬ್ಬನ ಕೈಯಿಂದಲೇ ಆಗಬೇಕೆಂಬ ನಿಯಮವಿಲ್ಲ; ಮನೆಮಂದಿ ಕೂಡಿ ಮಾಡುವ ಕಸುಬಿನಲ್ಲಿ ಹಿರಿಯನು ಹೂಡಿದುದನ್ನು ಕಿರಿಯನು ಬಿಡಿಸುವುದುಂಟು. ಆದುದರಿಂದ ಪೆಟ್ಟಿಗೆಗೆ ಕರ್ತೃವಿಲ್ಲವೆನ್ನುವುದಕ್ಕಿಂತ ಕರ್ತೃಗಳು ಹಲವರಿರಬಹುದೆನ್ನುವುದು ಹೆಚ್ಚು ಸರಿ. ಹಲವರು ಇದ್ದ ಮಾತ್ರಕ್ಕೆ ಯಾರೂ ಇರಲಿಲ್ಲವೆಂದಾಗುವುದಿಲ್ಲ.

ತಾಳಗುಂದಕ್ಕೆ ಅನತಿದೂರದಲ್ಲಿರುವ ಬಳ್ಳಿಗಾವೆಯು ಇನ್ನೂ ಬಲವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಆ ಸಾಕ್ಷ್ಯವು ಇರುವುದು ಬಳ್ಳಿಗಾವೆಯಲ್ಲಲ್ಲ, ದೂರದ ಬೇಲೂರಿನಲ್ಲಿ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಕೇಶವ ದೇವಾಲಯದ ಮದನಕೈ ವಿಗ್ರಹಗಳ ಪೀಠಗಳಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿರುವರು. ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಆ ದೇವಾಲಯವನ್ನು ಕುರಿತು ಪ್ರಕಟಿಸಿದ ಗ್ರಂಥದಿಂದ ಇವು ಸರ್ವರಿಗೂ ಪರಿಚಿತವಾದುವು. ಅವರಲ್ಲಿ ಅಗ್ರಗಣ್ಯರಾದವರು ಬಳ್ಳಿಗ್ರಾಮದ ದಾಸೋಜ ಮತ್ತು ಅವನ ಮಗ ಚಾವಣ. ಮದನಿಕೆಗಳಲ್ಲಿ ತಂದೆಯವು ನಾಲ್ಕೆಂದೂ ಮಗನವು ಐದೆಂದೂ ಗಣನೆಯಿರುವುದು. ಹೆಸರನ್ನಷ್ಟೇ ಕೊರೆದು ಅವರು ತೃಪ್ತರಾಗಲಿಲ್ಲ. ಊರನ್ನು ಹೇಳಿದರು, ತಂದೆಯನ್ನು ಹೇಳಿದರು, ಎದುರಾಳಿ ಶಿಲ್ಪಿಗಳನ್ನು ಸೋಲಿಸುವವರೆಂಬ ಬಿರುದುಗಳನ್ನೂ ಮೆರೆಯಿಸಿದರು. ಕವಿಗಳ ಆತ್ಮಪ್ರಶಂಸೆಯನ್ನು ಕಂಡು ನಗುವ ಪಂಡಿತರು ಈ ಬಿರುದುಗಳನ್ನು ಒಮ್ಮೆ ಓದುವುದು ಒಳ್ಳೆಯದು. ಉಳಿಯು ಲೇಖನಿಗಿಂತ ವಿನಯಶಾಲಿಯಾಗಿರಲಿಲ್ಲ.

ಆದರೂ ಜನರ ಬಾಯಲ್ಲಿ ಉಳಿದ ಹೆಸರು ದಾಸೋಜನದಲ್ಲ, ಚಾವಣನದಲ್ಲ, ಜಕಣಾಚಾರಿಯದು. ಬೇಲೂರಿನ ವಿಗ್ರಹಗಳ ಕೆಳಗಿನ ಬರಹಗಳಲ್ಲಿ ಅವನ ಹೆಸರಿಲ್ಲ. ಕಲ್ಲಿನಲ್ಲಿ ಇದ್ದ ಹೆಸರುಗಳನ್ನು ಓದದೆ, ಇಲ್ಲದ ಹೆಸರಿಗೆ ಕಥೆಯನ್ನು ಕಟ್ಟಿದ ನಮ್ಮ ಸ್ವಭಾವವೇ ಗುಡಿಗಾರರ ವಿಷಯದಲ್ಲಿಯೂ ಕೆಲಸಮಾಡಿರುವುದು. ಬಳ್ಳಿಗಾವೆಯ ಕೇದಾರೇಶ್ವರದಲ್ಲಿಯೂ ಕುಬಟೂರಿನಲ್ಲಿಯೂ ಕಾಣುವ ಕುಸುರಿಯನ್ನೂ ಸೊರಬದ ಪೆಟ್ಟಿಗೆಯ ಕುಸುರಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಗುಡಿಗಾರರು ಆ ಪ್ರಾಚೀನ ಶಿಲ್ಪಿಗಳ ವಂಶಜರೆಂದು ಉತ್ಸಾಹದಿಂದ ಹೇಳುವವರಿರುವರು. ಈ ವಾದವು ನಮಗೆ ಸಮ್ಮತವಲ್ಲ. ಗುಡಿಗಾರರ ಐತಿಹ್ಯವೇ ಬೇರೆಯಾಗಿದೆ. ಪೋರ್ಚುಗೀಸರ ಮತಾಂತರಕ್ಕೆ ಅಂಜಿ ಗೋವೆಯಿಂದ ಘಟ್ಟವನ್ನು ಹತ್ತಿಬಂದವರೆಂದು ಅವರನ್ನು ಕುರಿತು ಹೇಳುವರು. ಉತ್ತರ ಕನ್ನಡದ ಕರಾವಳಿಯಲ್ಲಿಯೂ ಶಿರಸಿ, ಸಿದ್ದಾಪುರಗಳಲ್ಲಿಯೂ, ಇತ್ತ ಸಾಗರದಲ್ಲಿಯೂ ಅವರ ಮನೆತನಗಳು ಹರಡಿರುವುದು ಈ ಐತಿಹ್ಯಕ್ಕೆ ಅನುಗುಣವಾಗಿಯೇ ಇದೆ. ಬೆಂಡಿನ ಬಾಸಿಂಗ, ಮಣ್ಣಿನ ಗಣಪತಿ, ತೇರಿನ ಬೊಂಬೆ, ಬಣ್ಣದ ಕೆಲಸ ಇವೆಲ್ಲವೂ ಅವರ ಕಸುಬಿಗೆ ಸೇರಿದುವು. ಕಲ್ಲುಕುಟಿಗರ ಕಸುಬಿಗೂ ಇದಕ್ಕೂ ಇರುವ ಅಂತರವು ಅಲ್ಪವಲ್ಲ. ನೆರೆಯ ದೇವಾಲಯಗಳನ್ನು ಅವರು ಕಂಡಿರಬಹುದು, ಕಂಡುದನ್ನು ಮರದಲ್ಲಿ ತಂದಿರಬಹುದು. ಅದು ಕಲಿತ ವಿದ್ಯೆಯಾಗುವುದೇ ಹೊರತು ರಕ್ತಸಂಬಂಧವಾಗಲಾರದು. ದಾಸೋಜನನ್ನು ನಾವಿಲ್ಲಿ ನೆನೆದುದು ಗುಡಿಗಾರರಿಗೆ ಪಿತಾಮಹನನ್ನು ಒದಗಿಸುವುದಕ್ಕಲ್ಲ. ಈ ಮಣ್ಣಿನಲ್ಲಿ ಕೈಕೆಲಸದವನು ತನ್ನ ಹೆಸರನ್ನು ಹೇಳಿಕೊಳ್ಳುವುದು ಅಪೂರ್ವವಾಗಿರಲಿಲ್ಲವೆಂಬುದನ್ನು ತೋರಿಸುವುದಕ್ಕೆ.

ಹಾಗಾದರೆ ಪೆಟ್ಟಿಗೆಗೆ ಹೆಸರೇಕೆ ಇಲ್ಲ? ಕಾರಣವನ್ನು ಜಾತಿಸ್ವಭಾವದಲ್ಲಿ ಹುಡುಕದೆ ವ್ಯಾಪಾರದಲ್ಲಿ ಹುಡುಕಬೇಕು. ದೇವಾಲಯದ ವಿಗ್ರಹವು ಇಟ್ಟಲ್ಲಿಯೇ ಇರುವುದು. ಅದರ ಪೀಠದ ಹೆಸರನ್ನು ಊರವರೂ ಎದುರಾಳಿ ಶಿಲ್ಪಿಗಳೂ ಓದುವರು. ಪೆಟ್ಟಿಗೆಯಾದರೋ ಸೊರಬವನ್ನು ಬಿಟ್ಟು ಕೊಳ್ಳುವವನ ಹಿಂದೆ ಹೋಗುವುದು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಇದರ ಗಿರಾಕಿಗಳಲ್ಲಿ ಐರೋಪ್ಯರು ಬಹುಮಂದಿ. ಅವರಿಗೆ ಬೇಕಾದುದು ಅವರ ಮನೆಯ ಮೇಜಿನ ಮೇಲೆ ನಿಲ್ಲುವ ಆಕಾರದ ವಸ್ತು. ಆಕಾರವು ಲಂಡನ್ನಿನದು, ಮರವು ಸರಕಾರದ್ದು, ಕೆತ್ತನೆಯು ಸೊರಬದ್ದು, ಪ್ರದರ್ಶನದಲ್ಲಿ ಹೆಸರು ಮೈಸೂರಿನದು! ಶ್ರೀಗಂಧವು ಟಿಪ್ಪುವಿನ ಕಾಲದಿಂದ, ೧೭೯೨ರಿಂದ, ದೊರೆತನದ ಸೊತ್ತೆನಿಸಿದ್ದುದನ್ನು ನೆನೆದರೆ, ಕೆತ್ತುವವನಿಗೆ ಮರದ ಮೇಲೂ ಹಕ್ಕಿರಲಿಲ್ಲ, ಹೆಸರಿನ ಮೇಲೂ ಹಕ್ಕಿರಲಿಲ್ಲವೆಂಬುದು ಸ್ಪಷ್ಟವಾಗುವುದು.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಗೃಹೋಪಕರಣಗಳ ಚರಿತ್ರೆಯು ಹೇಗೆ ಉಳಿಯಿತೆಂಬುದನ್ನು ಇದರೊಡನೆ ಹೋಲಿಸಿ ನೋಡುವುದು ಉಪಯುಕ್ತವಾದೀತು. ಇಂದು ಚೆಕ್ ಗಣರಾಜ್ಯಕ್ಕೆ ಸೇರಿರುವ ಮೊರಾವಿಯಾ ಪ್ರಾಂತವೂ ನಮ್ಮ ಮಲೆನಾಡಿನಂತೆಯೇ ಕಾಡಿನಿಂದ ಬದುಕಿದ ಸೀಮೆ. ಅಲ್ಲಿಯ ಕೋರಿಚಾನಿ ಎಂಬಲ್ಲಿ ೧೮೫೦ರ ದಶಕದಲ್ಲಿ ಮಿಖಾಯೆಲ್ ಥೋನೆಟ್ ಎಂಬವನು ಬೀಚ್ ಮರವನ್ನು ಹಬೆಯಲ್ಲಿ ಮೆದುಮಾಡಿ ಬಗ್ಗಿಸಿ ಕುರ್ಚಿಗಳನ್ನು ಮಾಡುವ ಕಾರ್ಖಾನೆಯನ್ನು ಸ್ಥಾಪಿಸಿದನು. ೧೮೫೯ರಲ್ಲಿ ಹೊರಬಂದ ೧೪ನೆಯ ನಮೂನೆಯ ಕುರ್ಚಿಯು ಆರು ಮರದ ತುಂಡುಗಳೂ ಹತ್ತು ತಿರುಪುಗಳೂ ಎರಡು ನಟ್ಟುಗಳೂ ಕೂಡಿದ ವಸ್ತು. ಅದಕ್ಕೆ ಒಂದು ಅಂಕೆಯಿತ್ತು. ಅಂಕೆಗೆ ತಕ್ಕ ಚಿತ್ರವು ಅಚ್ಚಾದ ಬೆಲೆಪಟ್ಟಿಯಲ್ಲಿತ್ತು. ಕುರ್ಚಿಯ ಅಡಿಯಲ್ಲಿ ಸಂಸ್ಥೆಯ ಚೀಟಿಯೋ ಮುದ್ರೆಯೋ ಇತ್ತು. ಕಾಲಕ್ರಮದಲ್ಲಿ ಮರದ ಸ್ಥಾನಕ್ಕೆ ಉಕ್ಕಿನ ಕೊಳವೆಯು ಬಂದಾಗಲೂ ಹೀಗೆಯೇ ನಡೆಯಿತು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಚೆಕ್ ದೇಶದ ಫ್ರಿಶ್ಟಾಟಿನ ಮ್ಯೂಕೆ-ಮೆಲ್ಡರ್ ಕಾರ್ಖಾನೆಯಿಂದ ಹೊರಟ ಉಕ್ಕಿನ ಕುರ್ಚಿಗಳನ್ನು ಇಂದಿಗೂ ಆ ಸಂಸ್ಥೆಯ ಹೆಸರಿನಿಂದಲೇ ಸಂಗ್ರಾಹಕರು ಗುರುತಿಸುವರು. ಸಂಸ್ಥೆಯು ಒಡೆಯರನ್ನು ಬದಲಾಯಿಸಿದರೂ ಬೆಲೆಪಟ್ಟಿಯು ಉಳಿಯಿತು. ಪಟ್ಟಿಯು ಉಳಿದುದರಿಂದ ಚರಿತ್ರೆಯು ಉಳಿಯಿತು.

ಆದರೆ ಆ ಚರಿತ್ರೆಯನ್ನೂ ಕಣ್ಣುಮುಚ್ಚಿ ಮೆಚ್ಚಬೇಕಾಗಿಲ್ಲ. ಸಂಸ್ಥೆಯ ಹೆಸರು ಉಳಿದಲ್ಲಿ ಕೈಯ ಹೆಸರು ಉಳಿಯಿತೆಂದು ಹೇಳಲಾಗದು. ಹಿಂಗಾಲುಗಳಿಲ್ಲದೆ ಮುಂಗಾಲುಗಳ ಬಲದಿಂದಲೇ ನಿಲ್ಲುವ ಉಕ್ಕಿನ ಕುರ್ಚಿಯ ಕಲ್ಪನೆಯು ಯಾರದೆಂಬುದನ್ನು ಕುರಿತು ಜರ್ಮನಿಯಲ್ಲಿ ವ್ಯಾಜ್ಯವೇ ನಡೆದು, ೧೯೩೨ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಹಾಲೆಂಡಿನ ಮಾರ್ಟ್ ಸ್ಟಾಮ್ ಎಂಬವನ ಕಲಾಕರ್ತೃತ್ವವನ್ನು ಮಾನ್ಯಮಾಡಬೇಕಾಯಿತು. ಎದುರು ನಿಂತ ಸಂಸ್ಥೆಯು ಥೋನೆಟ್ ಮನೆತನದ್ದೇ. ಕೊಳವೆಯನ್ನು ಬಗ್ಗಿಸಿದ, ಹೊಳಪನ್ನು ಕೊಟ್ಟ ಕೆಲಸಗಾರರ ಹೆಸರನ್ನು ಯಾವ ನ್ಯಾಯಾಲಯವೂ ಕೇಳಲಿಲ್ಲ. ಮೈಸೂರಿನಲ್ಲಿಯೇ ಇದಕ್ಕೆ ಉದಾಹರಣೆಯುಂಟು. ೧೮೯೭ರ ಬೆಂಕಿಯ ಅನಂತರ ಕಟ್ಟಿ ೧೯೧೨ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದ ಮ್ಯಾಕ್‌ಫಾರ್ಲೇನ್ ಕಂಪೆನಿಯಿಂದ ಬಂದುವೆಂದು ಪ್ರೇಕ್ಷಕರಿಗೆ ತಿಳಿಸಲಾಗುವುದು. ಅದೇ ಅರಮನೆಯ ಮರದ ಬಾಗಿಲುಗಳ ಮಾತು ಬಂದಾಗ ಕೆತ್ತಿದವನ ಹೆಸರಿಗೆ ಬದಲಾಗಿ ಸ್ಥಳೀಯ ಕುಶಲಕರ್ಮಿಗಳೆಂಬ ಸಮೂಹವಾಚಕವೇ ಸಾಕೆನಿಸುವುದು.

ಸೊರಬದ ಕೆಲಸಕ್ಕೆ ಬೆಲೆಪಟ್ಟಿಯಿಲ್ಲದಿದ್ದುದಕ್ಕಿಂತಲೂ ದೊಡ್ಡ ನಷ್ಟವೊಂದು ಅದರ ವಿಧಾನದಲ್ಲಿಯೇ ಅಡಗಿರುವುದು. ಚಿತ್ರವಿದ್ದ ಕಾಗದವನ್ನು ಮರಕ್ಕೆ ಅಂಟಿಸಿ ಅದರ ಮೇಲೆಯೇ ಕೊರೆದು ಬಳಿಕ ಅದನ್ನು ಕಿತ್ತುಹಾಕುವರೆಂದು ಹಿಂದೆ ಹೇಳಿತಷ್ಟೆ. ಕವಿಯು ತನ್ನ ಕರಡನ್ನು ಕಲ್ಲಿಗೆ ಅಂಟಿಸಿ ಅದರೊಡನೆಯೇ ನಾಶಮಾಡಿದಂತೆ ಇದು. ಥೋನೆಟ್ ಸಂಸ್ಥೆಗೆ ಅದರ ಕಾಗದಗಳೇ ಸ್ಮೃತಿಯಾದುವು. ಗುಡಿಗಾರನ ಕಾಗದವು ಕೃತಿಯೊಳಕ್ಕೆ ಇಳಿದು ಅಲ್ಲಿಯೇ ಮುಗಿಯಿತು. ಆದುದರಿಂದ ಈ ಕರ್ತೃವನ್ನು ದಫ್ತರದಲ್ಲಿ ಹುಡುಕಿದರೆ ಸಾಲದು. ಪೆಟ್ಟಿಗೆಯ ಮೈಮೇಲೆಯೇ ಓದಬೇಕು.

ಓದುವ ಬಗೆ ಹೇಗೆ? ಗ್ರಂಥಸಂಪಾದಕರು ಪ್ರತಿಗಳನ್ನು ಹೋಲಿಸುವಾಗ ಲಿಪಿಕಾರನ ಅಭ್ಯಾಸಗಳನ್ನು ಗುರುತಿಸುವಂತೆಯೇ ಎಂದು ಹೇಳಬಹುದು. ಈ ಪೆಟ್ಟಿಗೆಗಳ ಸಾಮಾನ್ಯ ವಿನ್ಯಾಸವು ಪ್ರಸಿದ್ಧವಾದುದು: ನಡುವೆ ಒಂದು ವರ್ತುಲ ಅಥವಾ ಕಮಾನು, ಅದರೊಳಗೆ ದೇವತಾವಿಗ್ರಹ, ಸುತ್ತಲೂ ತೆರಪಿಲ್ಲದಂತೆ ಹೆಣೆದುಕೊಂಡ ಬಳ್ಳಿ, ಬಳ್ಳಿಯೊಳಗೆ ಮೃಗಪಕ್ಷಿಗಳು. ದೇವತೆಯ ಲಕ್ಷಣವು ಧ್ಯಾನಶ್ಲೋಕಕ್ಕೆ ಬದ್ಧವಾದುದರಿಂದ ಅಲ್ಲಿ ಕೆತ್ತುವವನ ಸ್ವಾತಂತ್ರ್ಯವು ಕಡಿಮೆ. ಬಂದವರೆಲ್ಲರೂ ಆ ವಿಗ್ರಹವನ್ನೇ ನೋಡಿ ಹೋಗುವರು. ಪರೀಕ್ಷಕನು ನೋಡತಕ್ಕುದು ಮೂಲೆಯನ್ನು. ಪೆಟ್ಟಿಗೆಯ ಒಂದು ಮುಖದಿಂದ ಮತ್ತೊಂದು ಮುಖಕ್ಕೆ ಬಳ್ಳಿಯು ಹೇಗೆ ದಾಟುತ್ತದೆ? ಅಂಚಿನಲ್ಲಿ ಕಡಿದು ಆಚೆಯಲ್ಲಿ ಹೊಸದಾಗಿ ಹುಟ್ಟುತ್ತದೆಯೋ, ಇಲ್ಲವೆ ಒಂದೇ ಕಾಂಡವು ಹೊರಳಿ ಮುಂದುವರಿಯುವ ಭ್ರಾಂತಿಯನ್ನುಂಟುಮಾಡುತ್ತದೆಯೋ? ಸುರುಳಿಯ ಒಳಗಣ್ಣಿನಲ್ಲಿ ಹೂವಿಡುವನೋ, ಹಕ್ಕಿಯನ್ನಿಡುವನೋ, ಬರಿದುಬಿಡುವನೋ? ನೆಲವನ್ನು ಎಲ್ಲೆಡೆಯೂ ಸಮನಾದ ಆಳಕ್ಕೆ ಇಳಿಸುವನೋ, ವಿಗ್ರಹದ ಸುತ್ತ ಹೆಚ್ಚು ಇಳಿಸಿ ಅದಕ್ಕೆ ನೆರಳನ್ನು ಕಲ್ಪಿಸುವನೋ? ಮುಚ್ಚಳದ ಒಳಮೈಯಲ್ಲಿ, ಕೊಳ್ಳುವವನ ಕಣ್ಣು ಅಪರೂಪವಾಗಿ ಬೀಳುವ ಎಡೆಯಲ್ಲಿ, ಕೈಯು ಅದೇ ನಿಷ್ಠೆಯಿಂದ ನಡೆದಿರುವುದೋ? ಇಂತಹ ಹತ್ತು ಲಕ್ಷಣಗಳನ್ನು ಇಪ್ಪತ್ತು ಪೆಟ್ಟಿಗೆಗಳಲ್ಲಿ ಹೋಲಿಸಿದರೆ ಮನೆತನಗಳ ಮಾರ್ಗಗಳೂ, ಮಾರ್ಗದೊಳಗೆ ವ್ಯಕ್ತಿಗಳ ಕೈಗಳೂ ಬೇರ್ಪಡಲು ಸಾಧ್ಯ. ಹೆಸರು ದೊರೆಯದಿದ್ದರೂ ಕೈ ದೊರೆಯುವುದು. ಕಾವ್ಯಚರಿತ್ರೆಯಲ್ಲಿ ಅಜ್ಞಾತಕರ್ತೃಕವೆಂಬ ಶೀರ್ಷಿಕೆಯ ಕೆಳಗೆ ನಾವು ಎಷ್ಟೋ ಕೃತಿಗಳನ್ನು ಗೌರವದಿಂದ ಓದುತ್ತಿಲ್ಲವೆ?

ಗುಡಿಗಾರರು ಒಂದೇ ಮಾದರಿಯನ್ನು ಪುನರುಕ್ತಿಮಾಡುವವರು, ಅವರಲ್ಲಿ ವ್ಯಕ್ತಿವೈಶಿಷ್ಟ್ಯವನ್ನು ಹುಡುಕುವುದು ವ್ಯರ್ಥಪ್ರಯಾಸವೆಂದು ಆಕ್ಷೇಪಿಸುವವರಿರಬಹುದು. ಅಷ್ಟಾದಶ ವರ್ಣನೆಗಳನ್ನು ಪುನರುಕ್ತಿಮಾಡಿದ ಚಂಪೂಕವಿಗಳಲ್ಲಿ ತಾರತಮ್ಯವನ್ನು ಗುರುತಿಸಬಲ್ಲ ವಿಮರ್ಶಕನು ಈ ಮಾತನ್ನಾಡುವುದು ಉಚಿತವಲ್ಲ. ಕುಬ್ಜನ ಕಾವ್ಯದಲ್ಲಿಯೂ ರೂಢಿಯ ಅಲಂಕಾರಗಳು ಹೇರಳವಾಗಿವೆ. ಅದರಿಂದ ಅವನು ಕುಬ್ಜನಲ್ಲದೆ ಹೋಗಲಿಲ್ಲ.

ಕಾಲವು ಮಾತ್ರ ಈ ಪರೀಕ್ಷೆಗೆ ಅನುಕೂಲವಾಗಿಲ್ಲ. ಗಂಧದ ಮರವು ವಿರಳವಾಗಿ ಬೆಲೆಯು ಏರಿದಂತೆ ಕುಶಲಕರ್ಮಿಗಳು ಶಿವನಿ ಮೊದಲಾದ ಮರಗಳನ್ನು ಅವಲಂಬಿಸಬೇಕಾಯಿತು. ೧೯೬೪ರಲ್ಲಿ ಸ್ಥಾಪಿತವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಕಾವೇರಿ ಮಳಿಗೆಗಳ ಮೂಲಕ ಮಾರಾಟಕ್ಕೆ ದಾರಿಯನ್ನು ಕಲ್ಪಿಸಿತು. ೨೦೦೧ರ ತಿದ್ದುಪಡಿಯಿಂದ ಜಮೀನಿನಲ್ಲಿ ಬೆಳೆದ ಗಂಧದ ಮರದ ಒಡೆತನವು ಜಮೀನಿನವನಿಗೆ ಬಂದಿತು. ೧೯೯೯ರ ಭೌಗೋಳಿಕ ಸೂಚನೆಗಳ ಕಾಯಿದೆಯು ಊರಿನ ಹೆಸರಿಗೆ ರಕ್ಷಣೆಯನ್ನು ಕೊಟ್ಟಿತು. ಇವು ಸ್ವಾಗತಾರ್ಹವಾದುವೇ. ಆದರೆ ಮರಕ್ಕೆ ಒಡೆಯನೂ ಊರಿಗೆ ಹಕ್ಕೂ ದೊರೆತ ಮೇಲೆಯೂ ಕೈಯ ಪ್ರಶ್ನೆಯು ಹಾಗೆಯೇ ನಿಂತಿದೆ. ಊರು ಕೆತ್ತುವುದಿಲ್ಲ, ಊರಿನಲ್ಲಿರುವ ಒಬ್ಬನು ಕೆತ್ತುತ್ತಾನೆ.

ನಮ್ಮ ಸಂಶೋಧಕರು ಈಗಲೇ ಮಾಡಬಹುದಾದ ಕೆಲಸಗಳಿವೆ. ಹಳೆಯ ಪ್ರದರ್ಶನಗಳ ವರದಿಗಳಲ್ಲಿ ಬಹುಮಾನಿತರನ್ನು ಹೆಸರಿಸುವ ರೂಢಿಯಿತ್ತು. ೧೯೦೩ರ ದೆಹಲಿಯ ಪ್ರದರ್ಶನವನ್ನು ಕುರಿತು ಜಾರ್ಜ್ ವಾಟ್ ಅವರು ಸಿದ್ಧಪಡಿಸಿದ ಗ್ರಂಥವು ಅಂತಹ ಆಕರ. ಅದನ್ನು ಕನ್ನಡದ ಕಣ್ಣಿನಿಂದ, ಆಂಗ್ಲ ಅಕ್ಷರಗಳಲ್ಲಿ ವಿಕೃತವಾದ ಹೆಸರುಗಳನ್ನು ಸರಿಪಡಿಸುತ್ತ ಓದಬೇಕು. ಸೊರಬ, ಸಾಗರಗಳ ಹಿರಿಯರಲ್ಲಿ ತಮ್ಮ ಮನೆಯಿಂದ ಹೊರಟ ಕೆಲಸವನ್ನು ಛಾಯಾಚಿತ್ರವನ್ನು ನೋಡಿಯೇ ಗುರುತಿಸಬಲ್ಲವರು ಇರುವರೋ ಎಂದು ವಿಚಾರಿಸಬೇಕು. ಇದ್ದರೆ ಅವರ ಮಾತನ್ನು ಹಸ್ತಪ್ರತಿಯ ಪಾಠಾಂತರದಷ್ಟೇ ಎಚ್ಚರಿಕೆಯಿಂದ ಬರೆದುಕೊಳ್ಳಬೇಕು. ವಸ್ತುಸಂಗ್ರಹಾಲಯದ ಪೆಟ್ಟಿಗೆಗೆ ಮೈಸೂರು, ಗಂಧದ ಮರ, ೧೯ನೆಯ ಶತಮಾನ ಎಂದಷ್ಟೇ ಚೀಟಿಯನ್ನು ಹಚ್ಚುವ ಬದಲು, ಹೂಡಿದ ಕೈ, ಕೊರೆದ ಕೈ, ಬಿಡಿಸಿದ ಕೈ ಎಂಬ ಮೂರು ತೆರಪುಗಳನ್ನು ಚೀಟಿಯಲ್ಲಿ ಬಿಡಬೇಕು. ಅವು ಸದ್ಯಕ್ಕೆ ಬರಿದಾಗಿಯೇ ಇರಲಿ; ತಾಳಗುಂದದ ಕಂಬದಲ್ಲಿ ಈ ಮೂರರ ಪೈಕಿ ಎರಡನ್ನು ಕುಬ್ಜನೇ ತುಂಬಿರುವನು.